ಮಗ್ಗ ಕಾಯ್ದ ಹಕ್ಕಿ

ಶಾಲೆಗಳ ಕರಕುಶಲ ಪ್ರದರ್ಶನದಲ್ಲಿ ಹುಲಿ, ಆನೆ, ನವಿಲಿನ ಕಸೂತಿಗೆ ಬರವಿಲ್ಲ. ‘ವನ್ಯಜೀವಿಗಳನ್ನು ರಕ್ಷಿಸಿ’ ಎಂಬ ಅಕ್ಷರಗಳೂ ಅಂಚಿನಲ್ಲಿರುತ್ತವೆ. ಬಹುಮಾನ ಬಂದ ಮೇಲೆ ಬಟ್ಟೆ ಬೀರು ಸೇರುತ್ತದೆ. ಅದರಿಂದ ಪ್ರಾಣಿಗೆ ಏನು ಲಾಭ? ಅಸ್ಸಾಮಿನ ಕೆಲವು ಹಳ್ಳಿಗಳು ಇದಕ್ಕೆ ಉತ್ತರ ಕೊಟ್ಟಿವೆ.

ಅಲ್ಲಿನ ಹರ್ಗಿಲಾ, ಕೊಕ್ಕರೆ ಬಳಗದ ದೊಡ್ಡ ಹಕ್ಕಿ. ಎತ್ತರ ಸುಮಾರು 5 ಅಡಿ. ಬೋಳು ತಲೆ, ಜೋಲುವ ಗಂಟಲ ಚೀಲ. ಹೆಸರಿನ ಅರ್ಥವೇ ‘ಮೂಳೆ ನುಂಗುವುದು’. ಸತ್ತ ಪ್ರಾಣಿಗಳನ್ನು ತಿಂದು ಊರಿನ ಹೊಲಸು ಕಳೆಯುವ ಈ ಹಕ್ಕಿ ಗೂಡು ಕಟ್ಟುವುದು ಜನರ ಹಿತ್ತಲಿನ ಎತ್ತರದ ಮರಗಳಲ್ಲಿ. ಅಂಗಳಕ್ಕೆ ಹಿಕ್ಕೆ, ಕೊಳೆತ ಮಾಂಸದ ಚೂರು ಬೀಳುತ್ತವೆ. ಅಪಶಕುನವೆಂಬ ನಂಬಿಕೆ ಬೇರೆ. ಹೀಗಾಗಿ ಮನೆಯವರು ಮರವನ್ನೇ ಕಡಿಸುತ್ತಿದ್ದರು.

2007ರಲ್ಲಿ ಕಾಮರೂಪ ಜಿಲ್ಲೆಯಲ್ಲಿ ಅಂಥದೊಂದು ಮರ ಉರುಳಿತು. ಗೂಡಿನ ಮರಿಗಳೂ ನೆಲಕ್ಕೆ ಬಿದ್ದವು. ಅದನ್ನು ಕಂಡವರು ಈ ಹಕ್ಕಿಯ ಬಗ್ಗೆಯೇ ಪಿಎಚ್.ಡಿ. ಮಾಡುತ್ತಿದ್ದ ವಿದ್ಯಾರ್ಥಿನಿ ಪೂರ್ಣಿಮಾ ದೇವಿ ಬರ್ಮನ್. ಅವರು ಪ್ರಬಂಧವನ್ನು ಬದಿಗಿಟ್ಟು ಹಳ್ಳಿಯ ಮಹಿಳೆಯರ ಬಳಿಗೆ ಹೋದರು. ಪ್ರಬಂಧ ಮುಗಿದದ್ದು 2019ರಲ್ಲಿ.

ನೇಯ್ಗೆ ಅಸ್ಸಾಮಿನ ಹೆಣ್ಣುಮಕ್ಕಳಿಗೆ ಮನೆಯಲ್ಲೇ ಕೈಹತ್ತಿದ ವಿದ್ಯೆ. ಪೂರ್ಣಿಮಾ ಅವರಿಗೆ ಮಗ್ಗ, ನೂಲು ಒದಗಿಸಿದರು. ಗಮೋಸಾ, ಸೀರೆಗಳ ಮೇಲೆ ಹರ್ಗಿಲಾ ಮೂಡಿತು. ಮಾರಾಟದಿಂದ ಮನೆಗೆ ನಾಲ್ಕು ಕಾಸು ಬಂತು. ಬಸುರಿಯರಿಗೆ ಮಾಡುವಂತೆ ಗೂಡಿನ ಹಕ್ಕಿಗಳಿಗೂ ಸೀಮಂತ ನಡೆಯಿತು. ಹೇಸಿಗೆ ಪಡುತ್ತಿದ್ದ ಹಕ್ಕಿಯನ್ನು ಜನ ಹೆಗಲ ಮೇಲೆ ಹೊದ್ದರು. ಮರ ಉಳಿಯಿತು. ಆ ಹಳ್ಳಿಗಳಲ್ಲಿ 28 ಇದ್ದ ಗೂಡುಗಳು 250 ದಾಟಿದವು. 2023ರಲ್ಲಿ ಹರ್ಗಿಲಾ ವಿಶ್ವದ ‘ಅಳಿವಿನಂಚಿನ’ ಜೀವಿಗಳ ವರ್ಗದಿಂದ ಹೊರಬಂತು. ಅಪಾಯ ಪೂರ್ತಿ ತಪ್ಪಿಲ್ಲ, ತಗ್ಗಿದೆ.

ಬಟ್ಟೆಯೊಂದೇ ಈ ಕೆಲಸ ಮಾಡಿತೆಂದಲ್ಲ. ಆದರೆ ಅದನ್ನು ನೇಯ್ದವರು ಮರವಿದ್ದ ಮನೆಯವರೇ ಎಂಬುದು ಮುಖ್ಯ. ಹಕ್ಕಿಯ ಅಳಿವು ಉಳಿವು ಯಾರ ಕೈಯಲ್ಲಿತ್ತೋ ಆ ಕೈಗೇ ನೂಲು ಸಿಕ್ಕಿತು.

ಕರ್ನಾಟಕದ ಕಸೂತಿಯಲ್ಲಿ ಗೋಪುರ, ತೇರು, ನವಿಲುಗಳಿವೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಬಯಲಿನಲ್ಲಿ ಬೆರಳೆಣಿಕೆಗೆ ಇಳಿದಿರುವ ಎರೆಭೂತ ಹಕ್ಕಿಯೂ ಅಲ್ಲಿ ಕೂರಬಹುದು. ಸೂಜಿಗೆ ದಾರ ಪೋಣಿಸುವ ಮೊದಲು ವಿದ್ಯಾರ್ಥಿಗಳು ಆ ಹಕ್ಕಿ ಏನು ತಿನ್ನುತ್ತದೆ, ಯಾರ ಹೊಲದಲ್ಲಿ ಓಡಾಡುತ್ತದೆ ಎಂದು ತಿಳಿದುಕೊಳ್ಳಲಿ. ಮುಗಿದ ಕಸೂತಿಯನ್ನು ಬೀರುವಿನಲ್ಲಿಡದೆ ಆ ಹೊಲದ ರೈತನ ಮನೆಗೆ ತಲುಪಿಸಲು ಪಾಲಕರು ನೆರವಾಗಲಿ.