ಪಾಲಿನ ಮಾತು, ಕೇಳುವ ಕಿವಿ

ತಂದೆ ಲಿಂಗೈಕ್ಯರಾದ ವರ್ಷದೊಳಗೆ ಮಕ್ಕಳಲ್ಲಿ ಪಾಲಿನ ಮಾತು ಏಳುವುದು ನಮ್ಮ ಮನೆತನಗಳಲ್ಲಿ ಹೊಸದಲ್ಲ. ಆಗ ಹಿರಿಯರನ್ನು ಕರೆಸುವರು. ಹಿರಿಯರು ಬಂದು ಕುಳಿತವರೇ ಬುದ್ಧಿ ಹೇಳಲು ತೊಡಗುವರು. ಕೇಳುವುದು ಆಮೇಲಿನ ಮಾತು. ಹಲವೊಮ್ಮೆ ಅದರ ಸರದಿ ಬರುವುದೇ ಇಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ಕಾರ್ಯ ಬಲು ಬೇಗ ಮುಗಿಯುತ್ತದೆ. ‘ತವರಿನ ದಾರಿ ಕಡಿದುಕೊಳ್ಳಬೇಡ ತಾಯಿ, ಇಲ್ಲಿ ರುಜು ಹಾಕು’ ಎಂದು ಹಕ್ಕು ಬಿಡುಗಡೆಯ ಪತ್ರವನ್ನು ಮುಂದಿಡುವರು. ಆಕೆಯ ಮೌನವೇ ಒಪ್ಪಿಗೆಯೆನಿಸುತ್ತದೆ. ಇದನ್ನು ಸಾಮರಸ್ಯವೆಂದು ಕರೆಯಲು ನಾವು ಸಿದ್ಧರಿಲ್ಲ. ಕರ್ನಾಟಕದ 1994ರ ತಿದ್ದುಪಡಿಯು ಅಂದಿಗೆ ವಿವಾಹವಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಸಮನಾದ ಹಕ್ಕನ್ನಿತ್ತಿತು. 2005ರ ಕೇಂದ್ರದ ತಿದ್ದುಪಡಿಯು ವಿವಾಹಿತೆ, ಅವಿವಾಹಿತೆ ಎಂಬ ಭೇದವನ್ನೂ ಅಳಿಸಿತು. ತಂದೆ ಅದಕ್ಕೆ ಮೊದಲೇ ತೀರಿಕೊಂಡಿದ್ದರೂ ಈ ಹಕ್ಕು ಉಂಟೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ನಡೆದ ವಿಭಾಗವನ್ನು ಮಾತ್ರ ಮತ್ತೆ ಕೆದಕುವಂತಿಲ್ಲ.

ಹಕ್ಕು ತಿಳಿದ ಮಾತ್ರಕ್ಕೆ ಮನಸ್ತಾಪ ಅಡಗುವುದೇ? ನಾವು ಬಲ್ಲ ಒಂದು ಮನೆಯಲ್ಲಿ ಅಕ್ಕ, ತಮ್ಮ ಇಬ್ಬರೇ. ‘ಅಕ್ಕನಿಗೆ ತೋಟದ ಆಸೆ’ ಎಂದು ಊರೆಲ್ಲ ಆಡಿಕೊಂಡಿತ್ತು. ಯಾರೂ ಅಡ್ಡಬಾರದಂತೆ ಆಕೆಯೊಬ್ಬಳನ್ನೇ ಕೂರಿಸಿಕೊಂಡು ಕೇಳಿದಾಗ ಆಕೆ ತೋಟದ ಹೆಸರನ್ನೇ ಎತ್ತಲಿಲ್ಲ. ಹಾಸಿಗೆ ಹಿಡಿದ ತಂದೆಯನ್ನು ಎರಡು ವರ್ಷ ನೋಡಿಕೊಂಡವಳು ಆಕೆ. ಪುಣ್ಯಸ್ಮರಣೆಯ ಆಮಂತ್ರಣ ಪತ್ರಿಕೆಯಲ್ಲಿ ಆಕೆಯ ಹೆಸರೇ ಇರಲಿಲ್ಲ. ತಮ್ಮನನ್ನೂ ಹಾಗೆಯೇ ಬೇರೆಯಾಗಿ ಕೇಳಲಾಯಿತು. ಮೂರು ಕೊಳವೆಬಾವಿಗಳ ಸಾಲವನ್ನು ಆತ ಅಕ್ಕನಿಂದಲೂ ಮುಚ್ಚಿಟ್ಟಿದ್ದ. ತೋಟ ಹೋದರೆ ಸಾಲ ತೀರಿಸುವ ದಾರಿಯೇ ಇಲ್ಲವೆಂಬ ಅಂಜಿಕೆ ಅವನದು.

ನ್ಯಾಯಾಲಯಗಳ ಮಧ್ಯಸ್ಥಿಕೆ ಕೇಂದ್ರಗಳಲ್ಲಿಯೂ ಮಧ್ಯಸ್ಥರು ಉಭಯರನ್ನು ಒಟ್ಟಿಗೆ ಕೇಳಿ, ಬಳಿಕ ಪ್ರತ್ಯೇಕವಾಗಿಯೂ ಕೇಳುವರು. ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ. ಹಿರಿಯರಲ್ಲಿ ನಮ್ಮದೊಂದು ವಿನಂತಿ: ತಮ್ಮ ಮಾತಿಗೆ ಮೊದಲು ಎದುರಾಳಿಯ ನೋವನ್ನು ತಮ್ಮದೇ ಬಾಯಿಂದ ಹೇಳುವಂತೆ ಇಬ್ಬರನ್ನೂ ಕೇಳಿರಿ. ಆ ಮನೆಯಲ್ಲಿ ಇದಕ್ಕೆ ಮೂರು ಸಲ ಕೂರಬೇಕಾಯಿತು. ಮೊದಲ ಸಲ ತಮ್ಮ ಎದ್ದೇ ಹೋಗಿದ್ದ.

ಅಕ್ಕ ತನ್ನ ಸಮಭಾಗವನ್ನು ಬಿಡಲಿಲ್ಲ. ಬೆಲೆ ಸರಿತೂಗುವಷ್ಟು ಒಣಭೂಮಿಯನ್ನು ತೆಗೆದುಕೊಂಡು, ತೋಟ ತಮ್ಮನಿಗಿರಲೆಂದಳು. ತಮ್ಮನ ಮಡದಿಗೂ ಆಕೆಗೂ ಇನ್ನೂ ಮಾತು ಕೂಡಿಲ್ಲ. ಅದಕ್ಕೆ ಕಾಲ ಬೇಕು. ವಿಭಾಗಪತ್ರದ ನೋಂದಣಿಗೆ ಮಾತ್ರ ಅಕ್ಕ ತಮ್ಮಂದಿರು ಒಂದೇ ಬಸ್ಸಿನಲ್ಲಿ ಹೋಗಿ ಬಂದರು.