ಭೂಮಿಗೆ ಯಾರಾದರೂ ಬಂದಿದ್ದರೆ

ನಕ್ಷತ್ರದಿಂದ ನಕ್ಷತ್ರಕ್ಕೆ ಪಯಣಿಸುವುದನ್ನು ಭೌತವಿಜ್ಞಾನದ ಯಾವ ನಿಯಮವೂ ನಿಷೇಧಿಸಿಲ್ಲ. ಅಡ್ಡಿಯಾಗಿರುವುದು ದೂರ. ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿ 4.24 ಜ್ಯೋತಿರ್ವರ್ಷ ಆಚೆಗಿದೆ. 1977ರಲ್ಲಿ ಹೊರಟ ವಾಯೇಜರ್ 1 ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದ್ದು, ಅಷ್ಟು ದೂರ ಕ್ರಮಿಸಲು ಅದಕ್ಕೆ ಹೆಚ್ಚುಕಡಿಮೆ 75 ಸಾವಿರ ವರ್ಷ ಬೇಕು. ಮನುಷ್ಯರ ಆಯುಸ್ಸಿಗೆ ಹೋಲಿಸಿದರೆ ಇದು ಆಗದ ಮಾತು. ಕ್ಷೀರಪಥದ ಆಯುಸ್ಸಿಗೆ ಹೋಲಿಸಿದರೆ ಲೆಕ್ಕವೇ ಬೇರೆ. ಕ್ಷೀರಪಥದ ಅಗಲ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ. ವಾಯೇಜರ್‌ನ ನಿಧಾನಗತಿಯಲ್ಲೇ ಹೊರಟರೂ ಅದನ್ನು ಈ ತುದಿಯಿಂದ ಆ ತುದಿಗೆ ದಾಟಲು 180 ಕೋಟಿ ವರ್ಷ ಸಾಕು. ಭೂಮಿಗೆ ಈಗ 454 ಕೋಟಿ ವರ್ಷ, ಕ್ಷೀರಪಥಕ್ಕೆ ಅದರ ಎರಡು ಪಟ್ಟಿಗಿಂತ ಹೆಚ್ಚು. ಜೀವಿಗಳು ತಾವೇ ಬರಲಾರದೆ ಹೋದರೂ ಅವು ಕಳಿಸಿದ ಯಂತ್ರಗಳು ಬಂದಿರಲು ಕಾಲ ಧಾರಾಳವಾಗಿತ್ತು.

1950ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಮಧ್ಯಾಹ್ನದ ಊಟಕ್ಕೆ ಕುಳಿತಿದ್ದಾಗ ಎನ್ರಿಕೊ ಫರ್ಮಿ ಕೇಳಿದ ಪ್ರಶ್ನೆ ಹುಟ್ಟಿದ್ದು ಇಲ್ಲಿಂದಲೇ: ಇಷ್ಟು ಕಾಲ ಇದ್ದರೂ ಅವರೆಲ್ಲ ಎಲ್ಲಿ? 1975ರಲ್ಲಿ ಮೈಕೆಲ್ ಹಾರ್ಟ್ ಇದಕ್ಕೆ ಕಟುವಾದ ಉತ್ತರ ಕೊಟ್ಟರು. ಮುಂದುವರಿದ ನಾಗರಿಕತೆ ಎಲ್ಲಾದರೂ ಇದ್ದಿದ್ದರೆ ಅದು ಇಷ್ಟರಲ್ಲಿ ಇಲ್ಲಿಗೆ ತಲುಪಿರಬೇಕಿತ್ತು; ಇಲ್ಲಿ ಯಾರೂ ಇಲ್ಲ; ಆದ್ದರಿಂದ ಎಲ್ಲಿಯೂ ಇಲ್ಲ ಎಂಬುದು ಅವರ ತರ್ಕ. ಇದರಲ್ಲಿ ಒಂದು ದೊಡ್ಡ ಜಿಗಿತವಿದೆ. ಈಗ ಇಲ್ಲಿ ಯಾರೂ ಇಲ್ಲ ಎಂಬುದಕ್ಕೂ ಎಂದೂ ಯಾರೂ ಬಂದಿಲ್ಲ ಎಂಬುದಕ್ಕೂ ನಡುವೆ ನಾನೂರು ಕೋಟಿ ವರ್ಷಗಳ ಅಂತರವಿದೆ. 2019ರಲ್ಲಿ ಜೊನಾಥನ್ ಕ್ಯಾರಲ್-ನೆಲೆನ್‌ಬ್ಯಾಕ್ ಮತ್ತು ಸಂಗಡಿಗರು ನಕ್ಷತ್ರಗಳ ಚಲನೆಯನ್ನೂ ನಾಗರಿಕತೆಗಳ ಅಳಿವನ್ನೂ ಲೆಕ್ಕಕ್ಕೆ ಹಿಡಿದು ಗಣಕದಲ್ಲಿ ಇದನ್ನು ಪರಿಶೀಲಿಸಿದರು. ಬಹಳ ಹಿಂದೆ ಯಾರೋ ಬಂದುಹೋಗಿ, ಆಮೇಲೆ ಲಕ್ಷಾಂತರ ವರ್ಷ ಇತ್ತ ಯಾರೂ ಸುಳಿಯದಿರುವುದು ಸಾಧ್ಯವೆಂದೇ ಅವರ ಲೆಕ್ಕ ತೋರಿಸಿತು.

ಹಾಗಾದರೆ ಕುರುಹನ್ನು ಎಲ್ಲಿ ಹುಡುಕಬೇಕು? ಎರಿಕ್ ಫಾನ್ ಡೇನಿಕೆನ್ 1968ರಲ್ಲಿ ಬರೆದ ಪುಸ್ತಕದಿಂದ ಇಂದಿನ ವಿಡಿಯೊಗಳವರೆಗೆ ಎಲ್ಲರೂ ಬೆರಳು ತೋರಿಸುವುದು ಪಿರಮಿಡ್ಡುಗಳತ್ತ, ಪುರಾಣಗಳತ್ತ, ಹಳೆಯ ದೇಗುಲಗಳತ್ತ. ಕಾರ್ಲ್ ಸೇಗನ್‌ರಂಥ ವಿಜ್ಞಾನಿಯೂ 1963ರ ಲೇಖನವೊಂದರಲ್ಲಿ ಪ್ರಾಚೀನ ದಂತಕಥೆಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು ಎಂದಿದ್ದರು. ದಂತಕಥೆಯೊಂದನ್ನೇ ಪುರಾವೆಯೆಂದು ಒಪ್ಪಲು ಮಾತ್ರ ಅವರು ಸಿದ್ಧರಿರಲಿಲ್ಲ. ಆದರೆ ಬರವಣಿಗೆಯ ಇತಿಹಾಸ ಐದು ಸಾವಿರ ವರ್ಷಗಳಷ್ಟರದ್ದು. ಭೂಮಿಯ ಆಯುಸ್ಸಿನಲ್ಲಿ ಅದು ಒಂಬತ್ತು ಲಕ್ಷದಲ್ಲಿ ಒಂದು ಪಾಲು. ಅತಿಥಿಗಳು ಯಾವಾಗ ಬೇಕಾದರೂ ಬಂದಿರಬಹುದು ಎಂದಾದರೆ, ಅವರು ಸರಿಯಾಗಿ ಈ ತುಣುಕಿನಲ್ಲೇ ಬಂದಿರುವ ಸಂಭವವೂ ಅಷ್ಟೇ. ಬಂದಿದ್ದರೆ, ನೋಡಲು ಕಣ್ಣಿದ್ದವರು ಯಾರೂ ಇಲ್ಲದ ಕಾಲದಲ್ಲಿ ಬಂದಿರುವುದೇ ಹೆಚ್ಚು ಸಂಭವನೀಯ.

ಪಿರಮಿಡ್ಡಿನ ವಾದ ಇನ್ನೊಂದು ಕಾರಣಕ್ಕೂ ನಿಲ್ಲುವುದಿಲ್ಲ. ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್ ಎಂಬಲ್ಲಿ 2013ರಲ್ಲಿ ಪಿಯರ್ ತಲೆ ಅವರ ತಂಡಕ್ಕೆ ಪಪೈರಸ್ ಸುರುಳಿಗಳು ಸಿಕ್ಕವು. ನಾಲ್ಕೂವರೆ ಸಾವಿರ ವರ್ಷಗಳ ಹಿಂದೆ ಖುಫು ದೊರೆಯ ಕೈಕೆಳಗಿದ್ದ ಮೆರರ್ ಎಂಬ ಅಧಿಕಾರಿಯ ದಿನಚರಿ ಅವುಗಳಲ್ಲಿದೆ. ತುರಾ ಗಣಿಯಲ್ಲಿ ಸುಣ್ಣದ ಕಲ್ಲನ್ನು ಯಾವ ದಿನ ದೋಣಿಗೆ ಹೇರಿದರು, ನೈಲ್ ನದಿಯಲ್ಲಿ ಹೋಗುತ್ತ ರಾತ್ರಿ ಎಲ್ಲಿ ತಂಗಿದರು, ಗೀಜಾಕ್ಕೆ ಯಾವಾಗ ಮುಟ್ಟಿದರು ಎಂಬುದೆಲ್ಲ ಅಂಕಣ ಅಂಕಣವಾಗಿ ದಾಖಲಾಗಿದೆ. ಹೊಯ್ಸಳ ದೇಗುಲಗಳ ನುಣುಪಾದ ಕಂಬಗಳ ಬಗ್ಗೆಯೂ ಅನ್ಯಗ್ರಹದವರ ಕೈವಾಡವೆಂಬ ಮಾತು ಕೇಳಿಬರುವುದುಂಟು. ಬೇಲೂರಿನಲ್ಲಿ ಉಳಿ ಹಿಡಿದವರು ಯಾರೆಂಬುದಕ್ಕೆ ಶಿಲ್ಪಗಳ ಮೇಲೆಯೇ ರುಜುಗಳಿವೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಹೆಸರು, ಊರು ಸಮೇತ ನಿಂತಿರುವವರ ದುಡಿಮೆಯನ್ನು ಕಿತ್ತು ಕಾಣದ ಅತಿಥಿಗಳಿಗೆ ಕೊಡುವುದು ಅವರಿಗೆ ಮಾಡುವ ಅನ್ಯಾಯ.

ಹಾರುವ ತಟ್ಟೆಗಳ ವರದಿಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 1945ರಿಂದೀಚಿನ ದಾಖಲೆಗಳನ್ನು ಪರಿಶೀಲಿಸಿದ ಅಮೆರಿಕದ ರಕ್ಷಣಾ ಇಲಾಖೆ, ಅನ್ಯಗ್ರಹದ ತಂತ್ರಜ್ಞಾನಕ್ಕೆ ಪುರಾವೆ ಸಿಕ್ಕಿಲ್ಲವೆಂದು 2024ರ ಮಾರ್ಚ್‌ನಲ್ಲಿ ಪ್ರಕಟಿಸಿತು.

ಹಳೆಯ ಭೇಟಿಯೊಂದರ ಗುರುತನ್ನು ಭೂಮಿ ಉಳಿಸಿಕೊಳ್ಳುತ್ತದೆಯೇ ಎಂಬುದು ಇದಕ್ಕಿಂತ ಆಳದ ಪ್ರಶ್ನೆ. ಸಾಗರತಳದ ಬಹುಪಾಲು 20 ಕೋಟಿ ವರ್ಷಕ್ಕಿಂತ ಕಿರಿಯದು. ಅದಕ್ಕೂ ಹಳೆಯದು ಭೂಗರ್ಭಕ್ಕೆ ಇಳಿದು ಕರಗಿಹೋಗಿದೆ. ನೆಲದ ಮೇಲಿನದನ್ನು ಮಳೆ, ಗಾಳಿ, ಹಿಮನದಿಗಳು ತೇಯುತ್ತವೆ. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲೊಂದು ಕೈಗಾರಿಕಾ ನಾಗರಿಕತೆ ಇದ್ದಿದ್ದರೆ ಅದು ತಿಳಿಯುತ್ತಿತ್ತೇ ಎಂದು 2018ರಲ್ಲಿ ಗ್ಯಾವಿನ್ ಶ್ಮಿಟ್ ಮತ್ತು ಆಡಮ್ ಫ್ರಾಂಕ್ ವಿಚಾರಿಸಿದರು. ಕಟ್ಟಡ, ಯಂತ್ರಗಳು ಉಳಿಯುವುದು ಕಷ್ಟ. ಉಳಿಯುವುದೇನಿದ್ದರೂ ಕಲ್ಲಿನ ಪದರದಲ್ಲಿ ಸೇರಿಹೋದ ರಾಸಾಯನಿಕ ವ್ಯತ್ಯಾಸ ಎಂಬುದು ಅವರು ತಲುಪಿದ ನಿಲುವು.

ಅಂಥ ವ್ಯತ್ಯಾಸ ಎಷ್ಟು ಸೂಕ್ಷ್ಮವಾಗಿರಬಲ್ಲದು ಎಂಬುದಕ್ಕೆ ಆಫ್ರಿಕದ ಗಬಾನ್ ದೇಶದ ಓಕ್ಲೊ ಗಣಿಯೇ ಸಾಕ್ಷಿ. 1972ರಲ್ಲಿ ಫ್ರಾನ್ಸಿನ ಘಟಕವೊಂದಕ್ಕೆ ಬಂದ ಯುರೇನಿಯಂನಲ್ಲಿ ಯುರೇನಿಯಂ-235ರ ಪ್ರಮಾಣ ಶೇಕಡಾ 0.720 ಇರಬೇಕಾದಲ್ಲಿ 0.717 ಇತ್ತು. ಇಷ್ಟೇ ಇಷ್ಟು ಕೊರತೆಯ ಬೆನ್ನು ಹತ್ತಿದಾಗ, ಆ ಅದಿರು ಸುಮಾರು 200 ಕೋಟಿ ವರ್ಷಗಳ ಹಿಂದೆ ಪರಮಾಣು ರಿಯಾಕ್ಟರಿನಂತೆ ಉರಿದಿದೆ ಎಂದು ಗೊತ್ತಾಯಿತು. ಆದರೆ ಅದನ್ನು ಹೊತ್ತಿಸಿದ್ದು ಯಾವ ಕೈಯೂ ಅಲ್ಲ. ಆ ಕಾಲದಲ್ಲಿ ಯುರೇನಿಯಂ-235 ಶೇಕಡಾ ಮೂರಕ್ಕಿಂತ ಹೆಚ್ಚಿತ್ತು. ಅಂತರ್ಜಲ ಅದಿರಿನೊಳಗೆ ಜಿನುಗಿದಾಗ ನ್ಯೂಟ್ರಾನ್‌ಗಳ ವೇಗ ಇಳಿದು ಸರಪಣಿ ಕ್ರಿಯೆ ಶುರುವಾಗುತ್ತಿತ್ತು. ನೀರು ಕಾದು ಆವಿಯಾದಾಗ ನಿಲ್ಲುತ್ತಿತ್ತು. ತಣಿದು ನೀರು ಮರಳಿದರೆ ಮತ್ತೆ ಶುರು. ಅರ್ಧ ಗಂಟೆ ಉರಿದು ಎರಡೂವರೆ ಗಂಟೆ ಆರುವ ಈ ಸುತ್ತು ಲಕ್ಷಾಂತರ ವರ್ಷ ನಡೆಯಿತು. ಹೊರಗಿನವರ ಗುರುತನ್ನು ಹುಡುಕುವವರಿಗೆ ಓಕ್ಲೊದಲ್ಲಿ ಭರವಸೆಯೂ ಇದೆ, ಎಚ್ಚರಿಕೆಯೂ ಇದೆ. 200 ಕೋಟಿ ವರ್ಷದ ಹಿಂದಿನ ಘಟನೆ ಮೂರನೇ ದಶಮಾಂಶದಲ್ಲಿ ಉಳಿದಿತ್ತು. ವಿಚಿತ್ರವಾಗಿ ಕಂಡದ್ದು ಕೊನೆಗೆ ಪ್ರಕೃತಿಯದೇ ಕೆಲಸವಾಗಿತ್ತು.

ಹುಡುಕಾಟಕ್ಕೆ ಭೂಮಿಗಿಂತ ಚಂದ್ರನೇ ಉತ್ತಮ ಜಾಗ. ಅಲ್ಲಿ ಗಾಳಿಯಿಲ್ಲ, ಮಳೆಯಿಲ್ಲ. ಸೂಕ್ಷ್ಮ ಉಲ್ಕೆಗಳ ಹೊಡೆತಕ್ಕೆ ಮೇಲ್ಮೈ ಸವೆಯುವುದು ಹತ್ತು ಲಕ್ಷ ವರ್ಷಕ್ಕೆ ಒಂದು ಮಿಲಿಮೀಟರ್ ಆಸುಪಾಸು. ನಾಸಾದ ಎಲ್‌ಆರ್‌ಒ ನೌಕೆ 2009ರಿಂದ ತೆಗೆಯುತ್ತಿರುವ ಚಿತ್ರಗಳಲ್ಲಿ ಅರ್ಧ ಮೀಟರ್‌ನಷ್ಟು ಸಣ್ಣ ವಿವರಗಳು ಸಿಗುತ್ತವೆ. ಅಪೋಲೊ ಯಾತ್ರಿಗಳು ನಡೆದಾಡಿದ ಜಾಡು ಕೂಡ ಕಾಣುತ್ತದೆ. ಈ ಚಿತ್ರಗಳಲ್ಲೇ ಪರಕೀಯ ವಸ್ತುಗಳಿಗಾಗಿ ಕಣ್ಣಾಡಿಸಬೇಕೆಂದು ಪಾಲ್ ಡೇವಿಸ್ ಮತ್ತು ರಾಬರ್ಟ್ ವ್ಯಾಗ್ನರ್ ಸೂಚಿಸಿದ್ದಾರೆ. ಸಿಗುವ ಸಂಭವ ಕಡಿಮೆ, ಆದರೆ ಬೇರೆ ಕಾರಣಕ್ಕೆ ತೆಗೆದ ಚಿತ್ರಗಳಾದ್ದರಿಂದ ಖರ್ಚೂ ಕಡಿಮೆ ಎಂಬ ಅವರ ಮಾತು ಒಪ್ಪುವಂಥದ್ದು. ಚಂದ್ರಯಾನ-2ರ ಕ್ಯಾಮೆರಾ ಇದಕ್ಕಿಂತಲೂ ಹರಿತ: ಮೂವತ್ತು ಸೆಂಟಿಮೀಟರ್ ಆಸುಪಾಸಿನ ವಿವರವನ್ನೂ ಹಿಡಿಯುತ್ತದೆ. ಅದರ ದತ್ತಾಂಶ ಬೆಂಗಳೂರಿನ ಹೊರಗಿನ ಬ್ಯಾಲಾಳು ಕೇಂದ್ರದಲ್ಲಿ ಸಂಗ್ರಹವಾಗಿ ಸಾರ್ವಜನಿಕರಿಗೂ ಲಭ್ಯವಿದೆ. ಇಷ್ಟು ಹರಿತವಾದ ಚಿತ್ರಗಳು ಚಂದ್ರನ ಕೆಲವು ಭಾಗಗಳವು ಮಾತ್ರ. ಮಣ್ಣಿನಡಿ ಹೂತದ್ದನ್ನು ಯಾವ ಕ್ಯಾಮೆರಾವೂ ತೋರಿಸದು.