ಏಜೆಂಟೋ, ಬ್ರೋಕರೋ?

ವೈಜಾಗಿನಲ್ಲೇ ಬೆಳೆದ ಅಕ್ಕನ ಮಗ ಮೊನ್ನೆ ಕೇಳಿದ: "ಮಾವ, ಕೆಲಸ ಬಿಟ್ಟು ರಿಯಲ್ ಎಸ್ಟೇಟಿಗೆ ಇಳೀತೀನಿ. ಏಜೆಂಟ್ ಆಗ್ಲೋ, ಬ್ರೋಕರ್ ಆಗ್ಲೋ?"

ಅಮೆರಿಕದಲ್ಲಾದರೆ ಏಜೆಂಟು ಬ್ರೋಕರನ ಕೈಕೆಳಗೆ ದುಡೀಬೇಕು, ಲೈಸೆನ್ಸೇ ಬೇರೆ. ನಮ್ಮ 2016ರ ರೇರಾ ಕಾಯ್ದೆಗೆ ಬ್ರೋಕರ್, ದಲ್ಲಾಳಿ ಎಲ್ಲರೂ ಏಜೆಂಟರೇ. ನೋಂದಣಿ ಮಾಡಿಸದೆ ರೇರಾ ಪ್ರಾಜೆಕ್ಟಿನ ಫ್ಲ್ಯಾಟು ಮಾರಿಸಿದರೆ ದಿನಕ್ಕೆ 10,000 ರೂಪಾಯಿ ದಂಡ.

ನನ್ನ ಚಿಂತೆ ಹೆಸರಿನದಲ್ಲ, ಸಂಸಾರದ್ದು. 2014ರಲ್ಲಿ ವಿಜಯವಾಡದ ಪಕ್ಕ ರಾಜಧಾನಿ ಅಂದರು, ಅಲ್ಲಿ ಬೆಲೆ ಹಾರಿತು. 2019ರಲ್ಲಿ ಮೂರು ರಾಜಧಾನಿ ಅಂದರು, ಗಿರಾಕಿಗಳು ವೈಜಾಗಿನ ಕಡೆ ತಿರುಗಿದರು. 2024ರಲ್ಲಿ ಸರ್ಕಾರ ಬದಲಾಗಿ ಮತ್ತೆ ಅಮರಾವತಿ! ಕಮಿಷನ್ ನಂಬಿದವನು ಯಾವ ಊರಲ್ಲಿ ಕೂರಬೇಕು ಸ್ವಾಮಿ? ಸಂಬಳದ ಚೀಟಿ ಇಲ್ಲದವನಿಗೆ ಸಾಲ ಕೊಡೋಕೆ ನಾನೇ ಹತ್ತು ಸಲ ಯೋಚಿಸ್ತೀನಿ.

"ಮೊದಲು ವರ್ಷದ ಮನೆಖರ್ಚು ಎಫ್‌ಡಿ ಇಡು, ಆಮೇಲೆ ರಾಜೀನಾಮೆ ಕೊಡು" ಅಂದೆ. ಎಫ್‌ಡಿ ಇನ್ನೂ ಬಂದಿಲ್ಲ.